ತಿಪ್ಪೇಸ್ವಾಮಿ ಬಿನ್ ಯಾರು?

ಮನೆಯ ಹಿರಿಯರೊಬ್ಬರ ಫೋನಿನಲ್ಲಿ ಒಂದೇ ಒಂದು ಸಲ ಅಕ್ಷರ ದೊಡ್ಡದು ಮಾಡಿಕೊಟ್ಟು ನೋಡಿ, ನಿಮ್ಮ ಕತೆ ಮುಗಿಯಿತು. ಅಲ್ಲಿಂದಾಚೆಗೆ ನೀವು ಆ ಮನೆತನಕ್ಕೆಲ್ಲ ಫೋನಿನ ಪಂಡಿತರು. ಯಾರದೋ ಫೋನು ಬಿಸಿಯಾದರೆ ನಿಮ್ಮನ್ನು ಕೇಳುತ್ತಾರೆ, ಯಾರಿಗೋ ಓಟಿಪಿ ಬರದಿದ್ದರೆ ನಿಮ್ಮ ಮುಖ ನೋಡುತ್ತಾರೆ. ನಾನು ಈ ಪದವಿಗೆ ಏರಿದ್ದು ಮದುವೆಯಾದ ಹೊಸದರಲ್ಲಿ, ಮಾವನವರ ಫೋನಿನ ಅಕ್ಷರಗಳನ್ನು ಅಂಗಡಿ ಬೋರ್ಡಿನಷ್ಟು ದೊಡ್ಡದು ಮಾಡಿಕೊಟ್ಟ ದಿನ. "ಅಳಿಯಂದ್ರಿಗೆ ಎಲ್ಲಾ ಗೊತ್ತೈತೆ" ಎಂದು ಅವರು ಊರಿಗೆಲ್ಲ ಹೇಳಿಬಿಟ್ಟರು. ನಿಜ ಹೇಳಬೇಕೆಂದರೆ ನನಗೆ ಗೊತ್ತಿರುವುದು ಎರಡೇ ಉಪಾಯ. ಮೊದಲನೆಯದು, ಫೋನು ಆಫ್ ಮಾಡಿ ಆನ್ ಮಾಡುವುದು. ಅದಕ್ಕೂ ಬಗ್ಗದಿದ್ದರೆ ಎರಡನೆಯದು: "ಸರ್ವರ್ ಡೌನ್ ಐತ್ರಿ" ಎಂದು ಗಂಭೀರವಾಗಿ ಹೇಳುವುದು. ಇಷ್ಟರಲ್ಲೇ ಇಷ್ಟು ವರ್ಷ ಮರ್ಯಾದೆಯಿಂದ ಬಾಳಿದ್ದೆ. ಆ ಮರ್ಯಾದೆಯನ್ನು ಮೂರು ಅಕ್ಷರಗಳು ಹರಾಜು ಹಾಕಿದವು.

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕಾರ್ಖಾನೆಯೊಂದರಲ್ಲಿ ಬಿಲ್ಲು ಹಾಕುವ ಕೆಲಸ ನನ್ನದು. ಹೆಂಡತಿ ಭಾಗ್ಯಳ ತವರು ಮಡಕಶಿರಾ ಕಡೆ, ಅಮರಾಪುರದ ಹತ್ತಿರದ ಒಂದು ಹಳ್ಳಿ. ಎರಡೂ ಊರು ಒಂದೇ ಅನಂತಪುರ ಜಿಲ್ಲೆಯವು ಎಂದು ಸಂಬಂಧ ಬೆಳೆಸಿದೆವು. ಆಮೇಲೆ ಸರ್ಕಾರದವರು ಜಿಲ್ಲೆಯನ್ನು ಒಡೆದರು, ಸಂಬಂಧ ಮಾತ್ರ ಹಾಗೇ ಉಳಿದುಕೊಂಡಿತು. ಭಾಷೆಯೂ ಒಂದೇ ಕನ್ನಡ, ಆದರೆ ನಾನು "ಯಾಕ್ರಿ ಮಾವ" ಎಂದರೆ ಅವರಿಗೆ ಜಗಳಕ್ಕೆ ಬಂದ ಹಾಗೆ ಕೇಳುತ್ತದಂತೆ. ಅವರು "ಬುಡಿ ಅಳಿಯಂದ್ರೆ" ಎಂದರೆ ಏನನ್ನು ಬಿಡಬೇಕೋ ನನಗೆ ತಿಳಿಯುವುದಿಲ್ಲ. ಭಾಗ್ಯ ಎರಡನ್ನೂ ಬಲ್ಲವಳು. ರಾಯದುರ್ಗದಲ್ಲಿ ಬಸ್ಸು ಹತ್ತುವಾಗ "ಟಿಕೀಟು ತಗೊಳ್ರಿ" ಎನ್ನುವವಳು ಅಮರಾಪುರದಲ್ಲಿ ಇಳಿಯುವಾಗ "ಬ್ಯಾಗು ತಗಳಿ, ಬಿರ್ರನೆ ಇಳೀರಿ" ಎನ್ನುತ್ತಾಳೆ. ನಡುವೆ ಎಲ್ಲಿ ಬದಲಾಗುತ್ತಾಳೆಂದು ಕಂಡುಹಿಡಿಯಲು ಬಹಳ ಸಲ ಎಚ್ಚರವಾಗಿ ಕೂತಿದ್ದೇನೆ, ಪ್ರತಿ ಸಲವೂ ನಿದ್ದೆ ಬಂದುಬಿಡುತ್ತದೆ.

ಇನ್ನು ಮಾವನವರ ವಿಚಾರ. ಅವರು ಪತ್ರ ಬರಹಗಾರರಾಗಿದ್ದವರು. ಕ್ರಯಪತ್ರ, ಭಾಗಪತ್ರ, ದಾನಪತ್ರ ಬರೆದು ಬರೆದೇ ಕೂದಲು ಬೆಳ್ಳಗಾದದ್ದು. ಅವರ ಹಳ್ಳಿಯಲ್ಲಿ ಎಷ್ಟೋ ಜನಕ್ಕೆ ಮನೆ ಆಂಧ್ರದಲ್ಲಿ, ಹೊಲ ಕರ್ನಾಟಕದಲ್ಲಿ. ಈ ಕಡೆಯ ಜಮೀನಿಗೆ ತೆಲುಗಿನಲ್ಲಿ ಬರೆಯುತ್ತಿದ್ದರು, ಆ ಕಡೆಯದಕ್ಕೆ ಕನ್ನಡದಲ್ಲಿ. ಕನ್ನಡದ ಪತ್ರಗಳಲ್ಲಿ ಒಂದು ಪದ್ಧತಿಯುಂಟು. ರಾಮಣ್ಣನನ್ನು ಬರೀ ರಾಮಣ್ಣ ಎನ್ನುವ ಹಾಗಿಲ್ಲ, 'ರಾಮಣ್ಣ ಬಿನ್ ಭೀಮಣ್ಣ' ಎನ್ನಬೇಕು. ಅಂದರೆ ಭೀಮಣ್ಣನ ಮಗ ರಾಮಣ್ಣ. ಹೆಂಗಸಾದರೆ 'ರಾಮಕ್ಕ ಕೋಂ ಭೀಮಣ್ಣ', ಅಂದರೆ ಭೀಮಣ್ಣನ ಹೆಂಡತಿ ರಾಮಕ್ಕ. ಕೆಲಸ ಬಿಟ್ಟು ವರ್ಷಗಳಾದರೂ ಮಾವನವರನ್ನು ಈ ಬಿನ್ನೂ ಕೋಮೂ ಬಿಟ್ಟಿಲ್ಲ. ಯಾರಾದರೂ ಬಾಗಿಲು ಬಡಿದು "ನಾನು ಗೋವಿಂದ" ಎಂದರೆ ಒಳಗಿಂದ "ಬಿನ್?" ಎಂದು ಕೇಳಿ, ಉತ್ತರ ಬಂದ ಮೇಲೆಯೇ ಚಿಲಕ ತೆಗೆಯುತ್ತಾರೆ. ಒಮ್ಮೆ ಟೀವಿಯಲ್ಲಿ ಮಂತ್ರಿಯೊಬ್ಬರು ಭಾಷಣ ಮಾಡುತ್ತಿದ್ದಾಗಲೂ ಕೇಳಿದ್ದರು. ನಾನು ಸರ್ವರ್ ಡೌನ್ ಇದೆ ಎಂದೆ.

ಅತ್ತೆ ಈಗಿಲ್ಲ. ಮನೆಯಲ್ಲಿರುವುದು ಮಾವ ಮತ್ತು ಭಾಗ್ಯಳ ತಂಗಿ ನೇತ್ರಾ. ನೇತ್ರಾ ರೇಷ್ಮೆ ಇಲಾಖೆಯ ಕಡೆಯಿಂದ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ ನೋಡಿಕೊಂಡು ಬರುವ ಕೆಲಸದಲ್ಲಿದ್ದಾಳೆ. ಅನಂತಪುರದಲ್ಲಿ ಒಂದು ತರಬೇತಿಗೆ ಹೋದಾಗ ಅಲ್ಲಿಗೆ ಬಂದಿದ್ದ ತಿಪ್ಪೇಸ್ವಾಮಿ ಎಂಬ ಹುಡುಗನ ಪರಿಚಯವಾಯಿತು. ಅವನು ನಮ್ಮ ರಾಯದುರ್ಗದ ಆಚೆ ಗುಮ್ಮಗಟ್ಟದ ಕಡೆ ಪಶುವೈದ್ಯ ಇಲಾಖೆಯಲ್ಲಿ ಕುರಿಗಳಿಗೆ ಸೂಜಿ ಹಾಕುವವನು. ನಮ್ಮ ಪೈಕಿಯವನೇ, ಒಳ್ಳೆಯ ಹುಡುಗ. ಹುಳುವಿನ ಮಾತಿಗೂ ಕುರಿಯ ಮಾತಿಗೂ ಹೇಗೆ ಹೊಂದಿತೋ, ಹೊಂದಿಬಿಟ್ಟಿತು. ನೇತ್ರಾ ಅಕ್ಕನಿಗೆ ಹೇಳಿದಳು, ಅಕ್ಕ ನನಗೆ ಹೇಳಿದಳು. ಮಾವನಿಗೆ ಮಾತ್ರ ಯಾರೂ ಹೇಳಲಿಲ್ಲ. 'ನಾನೇ ಹುಡುಗನನ್ನ ನೋಡಿಕೊಂಡೆ' ಎಂದರೆ ಅವರು ಕೂಗಾಡುವವರಲ್ಲ, ಮಾತು ಬಿಟ್ಟುಬಿಡುವವರು. ಅದು ಇನ್ನೂ ಕಷ್ಟ.

ಅಷ್ಟರಲ್ಲಿ ಹಿರಿಯೂರು ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಬೋರ್‌ವೆಲ್ ಲಾರಿಯಿತ್ತು. ಅವನ ಬಯೋಡೇಟಾವನ್ನು ಲ್ಯಾಮಿನೇಷನ್ ಮಾಡಿಸಿ ಕಳಿಸಿದ್ದರು. ಮಾವನವರು ಲ್ಯಾಮಿನೇಷನ್ ನೋಡಿಯೇ ಅರ್ಧ ಒಪ್ಪಿದ್ದರು. ಭಾನುವಾರ ಸಂಜೆ ಅವರು ಹೆಣ್ಣು ನೋಡಲು ಬರುವುದೆಂದೂ, ಒಪ್ಪಿಗೆಯಾದರೆ ಅಲ್ಲೇ ಎಲೆಅಡಿಕೆ ಬದಲಾಯಿಸುವುದೆಂದೂ ನಿಶ್ಚಯವಾಯಿತು. ನೇತ್ರಾ ಫೋನಿನಲ್ಲಿ ಅಕ್ಕನ ಹತ್ತಿರ ಅತ್ತಳು. ಭಾಗ್ಯ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ನೋಡ್ರಿ, ಭಾನುವಾರ ಮಧ್ಯಾಹ್ನದೊಳಗೆ ತಿಪ್ಪೇಸ್ವಾಮಿ ಬಯೋಡೇಟಾ ನೀವು ಅಪ್ಪಗ ತೋರಿಸಬೇಕು. ನಿಮ್ಮ ಕಡೇ ಸಂಬಂಧ, ನಿಮಗ ಈಗ ತಿಳೀತು ಅನ್ನಂಗ ಹೇಳ್ರಿ. ಫೋನಿನ ಕೆಲಸ, ಅಷ್ಟಾದರೂ ನಿಮ್ಮಿಂದ ಆದೀತು" ಎಂದಳು. ಆ 'ಅಷ್ಟಾದರೂ' ಎಂಬುದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಮೈಯಲ್ಲಿ ಹುರುಪು ತುಂಬಿಕೊಂಡುಬಿಟ್ಟಿತ್ತು. ಒಂದು ಹೆಣ್ಣಿನ ಬಾಳು ನನ್ನ ಅಂಗೈಯಲ್ಲಿದೆ, ಅದೂ ಎಂಬತ್ತು ಪರ್ಸೆಂಟ್ ಚಾರ್ಜಿನೊಂದಿಗೆ. ತಿಪ್ಪೇಸ್ವಾಮಿ ಯಾವುದೋ ವೆಬ್‌ಸೈಟಿನಲ್ಲಿ ಬಯೋಡೇಟಾ ತಯಾರಿಸಿ ನನಗೆ ಲಿಂಕ್ ಕಳಿಸಿದ. ಅದನ್ನು ಆಗಲೇ ಒತ್ತಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಭಾಗ್ಯಳೂ ಆಮೇಲೆ ಅದನ್ನೇ ಕೇಳಿದಳು, ಈಗಲೂ ಆಗಾಗ ಕೇಳುತ್ತಾಳೆ.

ಶನಿವಾರ ರಾತ್ರಿಯೇ ನಾನೂ ಭಾಗ್ಯಳೂ ಮಾವನ ಮನೆ ಸೇರಿದ್ದೆವು. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಕೈತೊಳೆದು ಮಾವನ ಪಕ್ಕ ಕೂತೆ. ಅಡುಗೆಮನೆಯಲ್ಲಿ ನೇತ್ರಾ ಸಂಜೆಯವರಿಗೆಂದು ಕಡಲೆಕಾಯಿ ಬೀಜ ಹುರಿಯುತ್ತಿದ್ದಳು. ಹುರಿಯುವ ಸದ್ದು ನಿಂತಿತು, ಕೇಳಿಸಿಕೊಳ್ಳುತ್ತಿದ್ದಾಳೆಂದು ತಿಳಿಯಿತು. ನಾನು ಗಂಟಲು ಸರಿಮಾಡಿಕೊಂಡು, "ಮಾವ, ಸಂಜಿಗೆ ಬರೋರು ಬರಲ್ರಿ. ಆದ್ರ ನಮ್ಮ ಕಡೇನೂ ಒಂದು ಚಲೋ ಹುಡುಗ ಐತಿ ಅಂತ ಮೊನ್ನೆ ತಿಳೀತು, ಒಂದಿಷ್ಟು ನೋಡ್ರಿ" ಎಂದೆ. ಮಾವ ಕನ್ನಡಕ ಹಾಕಿಕೊಂಡರು. "ನೋಡಾನ. ನೋಡಾಕೇನು ದುಡ್ಡು ಕೊಡ್ಬೇಕಾ" ಎಂದರು. ಒಳ್ಳೆಯ ಶಕುನ. ಲಿಂಕ್ ಒತ್ತಿದೆ. ಬ್ರೌಸರ್ ತೆರೆಯಿತು. ಮಾವ ಮೇಲುಗಡೆಯ ವಿಳಾಸದ ಮೇಲೆ ಬೆರಳಿಟ್ಟು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಓದತೊಡಗಿದರು. ಕೊನೆಗೆ ಬಂದವರೇ ತಲೆ ಎತ್ತಿ, "ಇದೇನ್ ಅಳಿಯಂದ್ರೆ, ಇಲ್ಲಿ ಕೋಂ ಅಂತೈತೆ. ಇದ್ಯಾರ ಹೆಂಡ್ತಿ?" ಎಂದರು.

"ಅದು ಹೆಂಗಸಲ್ರಿ ಮಾವ, ವೆಬ್‌ಸೈಟು."

"ಯಾವ್ದೋ ಒಂದು. ಕೋಂ ಅಂದ್ಮೇಲೆ ಗಂಡನ ಹೆಸ್ರು ಬರೀಬೇಕು. ಬರ್ದಿಲ್ಲ."

ಇದಕ್ಕೆ ಉತ್ತರ ಕೊಡುತ್ತ ಕೂತರೆ ಸಂಜೆಯಾಗುತ್ತದೆಂದು ನೀಲಿ ಗುಂಡಿ ಒತ್ತಿದೆ. ಡೌನ್‌ಲೋಡ್ ಆಯಿತು. ಕೆಳಗೆ ಫೈಲಿನ ಹೆಸರು ಬಂತು. ನಾನು ಓದುವುದಕ್ಕೆ ಮುಂಚೆ ಮಾವ ಓದಿದರು. "ತಿಪ್ಪೇಸ್ವಾಮಿ... ಬಿನ್." ಅವರ ಮುಖ ಅರಳಿತು. "ಭೇಷ್. ಈಗಿನ ಹುಡುಗ್ರು ಬಿನ್ ಹಾಕ್ತಾರೇನ್ ಹೇಳಿ. ಮರ್ಯಾದಸ್ಥರ ಮನೆ ಇದ್ದಂಗೈತೆ" ಎಂದರು. ಬೆರಳನ್ನು ಮುಂದಕ್ಕೆ ಸರಿಸಿದರು. ಮುಂದೆ ಏನೂ ಇರಲಿಲ್ಲ. ಫೋನನ್ನು ಓರೆ ಮಾಡಿ ನೋಡಿದರು. ಹಿಂದೆ ತಿರುಗಿಸಿಯೂ ನೋಡಿದರು. ಅರಳಿದ ಮುಖ ಹಾಗೇ ಮುಚ್ಚಿಕೊಂಡಿತು. "ಬಿನ್ ಅಂತ ಬರ್ದು ಅಪ್ಪನ ಹೆಸ್ರು ಬಿಟ್ಟವ್ರೆ."

ನಾನು ನಕ್ಕೆ. ಅದು ನನ್ನ ಮೊದಲ ತಪ್ಪು. ಪತ್ರ ಬರಹಗಾರನ ಎದುರು ಬಿಟ್ಟುಹೋದ ಅಪ್ಪನ ಹೆಸರಿಗೆ ನಗಬಾರದು. "ನಗೋ ವಿಚಾರ ಅಲ್ಲ ಇದು" ಎಂದರು ಮಾವ. "ಬಿನ್ನೇ ಬರೀದಿದ್ರೆ ಗೊತ್ತಿಲ್ಲ ಅನ್ಕೊಬೈದು. ಬಿನ್ ಬರ್ದು ಅಲ್ಲಿಗೇ ನಿಲ್ಸಿದ್ರೆ ಏನರ್ಥ? ಬರಿಯೋಕೆ ಕೈ ಬಂದಿಲ್ಲ ಅಂತ." ನಾನು ಅವಸರದಲ್ಲಿ ಫೈಲನ್ನು ಒತ್ತಿದೆ. ಇದನ್ನು ತೆರೆಯಲು ನನ್ನಲ್ಲಿ ಯಾವ ಆ್ಯಪೂ ಇಲ್ಲ ಎಂದು ಫೋನು ಕೈಚೆಲ್ಲಿತು. ಆಫ್ ಮಾಡಿ ಆನ್ ಮಾಡಿದೆ. ಅದೇ ಉತ್ತರ. ಮತ್ತೆ ಡೌನ್‌ಲೋಡ್ ಮಾಡಿದೆ. ಈ ಸಲ ಫೈಲಿನ ಹೆಸರಿನಲ್ಲಿ ಕಂಸದೊಳಗೆ ಒಂದು ಎಂಬ ಅಂಕಿ ಸೇರಿಕೊಂಡು ಬಂತು. ಇನ್ನೊಂದು ಸಲ ಮಾಡಿದೆ, ಎರಡು ಬಂತು. ಮಾವ ನಿಟ್ಟುಸಿರುಬಿಟ್ಟರು. "ಏನ್ ಅಳಿಯಂದ್ರೆ, ಹುಡುಗನ್ನ ಪೋಡಿ ಮಾಡ್ತಿದ್ದೀರಾ?" ಎಂದರು. ಪೋಡಿಯೆಂದರೆ ಒಂದು ಸರ್ವೆ ನಂಬರಿನ ಹೊಲವನ್ನು ತುಂಡು ಮಾಡಿ ಒಂದು, ಎರಡು ಎಂದು ನಂಬರು ಕೊಡುವುದು. ಒಂದು ತುಂಡಿಗೂ ಅಪ್ಪನ ಹೆಸರಿರಲಿಲ್ಲ.

ಭಾಗ್ಯ ಬಾಗಿಲಲ್ಲಿ ನಿಂತು ಕಣ್ಣಿನಲ್ಲೇ 'ಅವನಿಗೆ ಫೋನ್ ಮಾಡಿ' ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಮಾಡಿದೆ. ನಂಬಿಕೆಗೆ ಇರಲಿ ಎಂದು ಸ್ಪೀಕರ್ ಹಾಕಿದೆ. ಅದು ಎರಡನೆಯ ತಪ್ಪು. ಒಬ್ಬ ಹೆಂಗಸು ಮೆಲ್ಲನೆಯ ತೆಲುಗಿನಲ್ಲಿ, ನೀವು ಕರೆದವರು ಈ ಪ್ರಾಂತದಲ್ಲೇ ಇಲ್ಲ ಎಂಬರ್ಥದ ಮಾತು ಹೇಳಿದಳು. ಹುಡುಗ ಭೈರವಾನಿತಿಪ್ಪದ ಅಣೆಕಟ್ಟೆಯ ಹಿಂದಿನ ಹಳ್ಳಿಗಳಲ್ಲಿ ಕುರಿ ಹಿಡಿದು ಕೂತಿದ್ದಾನೆ, ಅಲ್ಲಿ ಸಿಗ್ನಲ್ ಇಲ್ಲ ಎಂದು ನಾನು ಹೇಳುವಷ್ಟರಲ್ಲಿ ಮಾವ ಕನ್ನಡಕ ತೆಗೆದು ಒರೆಸಲು ಶುರುಮಾಡಿದ್ದರು. "ಅಪ್ಪಾನೂ ಇಲ್ಲ, ಮಗಾನೂ ಇಲ್ಲ. ಯಾರ್ಗೆ ಕೊಡಾನ ಹೆಣ್ಣ?" ಎಂದರು.

ಅಡುಗೆಮನೆಯಿಂದ ಬೀಜ ಸೀದ ವಾಸನೆ ಬಂತು. ಇಲ್ಲಿಯವರೆಗೆ ತಮಾಷೆಯಾಗಿದ್ದದ್ದು ತಮಾಷೆಯಲ್ಲ ಎಂದು ಆಗ ಅನ್ನಿಸಿತು. ಅಪ್ಪ ತನ್ನ ಫೋನನ್ನು ಆಗಾಗ ಕೇಳಿ ತೆಗೆದುಕೊಳ್ಳುತ್ತಾರೆಂದು ನೇತ್ರಾ ತಿಪ್ಪೇಸ್ವಾಮಿಯದೆಲ್ಲವನ್ನೂ ಅದರಿಂದ ಅಳಿಸಿಹಾಕಿದ್ದಳು. ಅವನ ಪರವಾಗಿ ಈಗ ಇರುವ ಒಂದೇ ಸಾಕ್ಷಿ ನನ್ನ ಕೈಯಲ್ಲಿ ಬಾಯಿ ಬಿಡದೆ ಕೂತಿತ್ತು. ಇದು ತೆರೆಯದಿದ್ದರೆ ಸಂಜೆ ಆ ಹುಡುಗಿ ಬೋರ್‌ವೆಲ್ ಲಾರಿಯ ಮುಂದೆ ತಲೆಬಗ್ಗಿಸಿ ಕೂರಬೇಕು. ನನಗೆ ಸಿಟ್ಟೂ ಬಂತು, ಹಟವೂ ಬಂತು. ಕಾರ್ಖಾನೆಯಲ್ಲಿ ಒಮ್ಮೆ ಪ್ಯಾಂಟಿನ ಡಬ್ಬಿಗೆ ಶರ್ಟಿನ ಚೀಟಿ ಅಂಟಿಸಿ ಬಳ್ಳಾರಿಗೆ ಕಳಿಸಿದ್ದೆವು. ಒಳಗಿನ ಸರಕು ಸರಿಯೇ ಇತ್ತು, ಚೀಟಿ ಮಾತ್ರ ತಪ್ಪು. ಅಂಗಡಿಯವನು ಡಬ್ಬಿ ಬಿಚ್ಚದೆ ವಾಪಸ್ಸು ಕಳಿಸಿದ್ದ. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕಿಯಾದ ಮೇಲೆ ಬರುವ ಮೂರು ಅಕ್ಷರವೂ ಒಳಗಿರುವುದು ಯಾವ ಬಗೆಯದೆಂದು ಹೇಳುವ ಚೀಟಿಯೇ ಅಲ್ಲವೇ, ಅದನ್ನು ಕಿತ್ತು ಬೇರೆ ಅಂಟಿಸಿದರೆ ಹೇಗೆ ಎಂದು ತಲೆಗೆ ಬಂದದ್ದೇ ತಡ, ಫೈಲಿನ ಹೆಸರಿನ ಮೇಲೆ ಬೆರಳು ಒತ್ತಿ ಹಿಡಿದೆ. ಹೆಸರು ಬದಲಾಯಿಸು ಎಂಬುದು ಸಿಕ್ಕಿತು. ಬಿನ್ ಅಳಿಸಿದೆ. ಹೀಗೆ ಮಾಡಿದರೆ ಫೈಲು ಕೆಟ್ಟುಹೋಗಬಹುದು ಎಂದು ಫೋನು ಹೆದರಿಸಿತು. ಹಾಳಾಗಿ ಹೋಗಲಿ, ಕೆಡಲು ಇನ್ನೇನು ಉಳಿದಿದೆ ಎಂದುಕೊಂಡು ಮುಂದೆ ಹೋದೆ.

ಫೋಟೋ ಇರಬೇಕೆಂದು ಜೆಪಿಜಿ ಎಂದು ಬರೆದೆ. ತೆರೆಯಲಿಲ್ಲ. ಪಕ್ಕದಿಂದ ಮಾವ ನೋಡುತ್ತಲೇ ಇದ್ದರು. "ಜೆ.ಪಿ.ಜಿ. ಇದು ಅವ್ರ ಅಪ್ಪನ ಹೆಸ್ರಾ?" ಅಲ್ಲವೆಂದು ತಲೆಯಾಡಿಸಿ ಅದನ್ನೂ ಅಳಿಸಿ ಡಿಓಸಿ ಎಂದು ಬರೆದೆ. ಅದೂ ತೆರೆಯಲಿಲ್ಲ. "ಮತ್ತೆ ಬದ್ಲಾಯ್ಸಿದ್ರಾ?" ಎಂದರು ಮಾವ, ದನಿ ತಗ್ಗಿಸಿ. "ಅಳಿಯಂದ್ರೆ, ತಿದ್ದುಪಡಿ ಮಾಡಾಕೂ ಒಂದು ಇತಿಮಿತಿ ಐತೆ. ಘಳಿಗೆಗೊಬ್ಬ ಅಪ್ಪನ್ನ ತಂದು ಕೂರ್ಸಬೇಡಿ. ಆ ತಾಯಿ ಕೇಳಿದ್ರೆ ಏನಂದಾಳು." ಭಾಗ್ಯ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಇಂದಿಗೂ ಹೇಳಿಲ್ಲ.

ಕೊನೆಯದಾಗಿ ಟಿಎಕ್ಸ್‌ಟಿ ಎಂದು ಬರೆದೆ. ಅದು ತೆರೆಯಿತು. ಜೀವ ಬಂದ ಹಾಗಾಯಿತು. ಆದರೆ ತೆರೆದದ್ದು ಬಯೋಡೇಟಾ ಅಲ್ಲ, ಚೌಕಗಳು, ಪ್ರಶ್ನಾರ್ಥಕಗಳು, ಕೊಂಬು ಬಾಲಗಳು, ಬರೀ ಗೀಚು. ನಾನು ಫೋನು ಕೆಳಗಿಟ್ಟುಬಿಟ್ಟೆ. ಸರ್ವರ್ ಡೌನ್ ಎನ್ನಲೂ ಬಾಯಿ ಬರಲಿಲ್ಲ. ಮಾವ ಮಾತ್ರ ಫೋನನ್ನು ಕೈಗೆತ್ತಿಕೊಂಡರು. ಅವರಿಗೆ ಇದೇನು ಹೊಸದಲ್ಲ. ಗೆದ್ದಲು ತಿಂದ ಕಾಗದ, ಮೋಡಿ ಅಕ್ಷರದ ಹಳೆಯ ದಾಖಲೆ, ಎಷ್ಟನ್ನು ಬಿಸಿಲಿಗೆ ಹಿಡಿದು ಓದಿದವರೋ. "ಎಂಥ ಪತ್ರವೇ ಆಗ್ಲಿ, ಯಾರು ಯಾರ ಮಗ ಅನ್ನಾದು ಮೊದಲ್ನೇ ಸಾಲಿನಾಗೆ ಇರ್ಬೇಕು" ಎನ್ನುತ್ತ ಬೆರಳಿನಿಂದ ಮೇಲೆ ಮೇಲೆ ಸರಿಸಿ ತುದಿಗೆ ಹೋದರು. ಅಲ್ಲಿ ನಿಂತರು. "ಸಿಕ್ತು" ಎಂದರು. "ಇನಿಷಿಯಲ್ಲು ಐತೆ. ಪಿ.ಡಿ.ಎಫ್."

ನಾನು ಕೂತಲ್ಲಿಂದ ಎದ್ದುಬಿಟ್ಟೆ. "ಏನಂದ್ರಿ ಮಾವ?"

"ಪಿ.ಡಿ.ಎಫ್ ಕಣ್ರೀ. ಪಿ ಅಂದ್ರೆ ಪೆದ್ದಣ್ಣನೋ ಪಾಪಣ್ಣನೋ..."

ಮುಂದಿನದು ನನಗೆ ಕೇಳಿಸಲಿಲ್ಲ. ಫೋನು ಕಿತ್ತುಕೊಂಡೆ. ಮಾವನ ಕೈಯಿಂದ ಏನನ್ನಾದರೂ ಕಿತ್ತುಕೊಂಡದ್ದು ಅದೇ ಮೊದಲು. ಅವಸರಕ್ಕೆ ಒಂದು ಸಲ ಪಿಎಫ್‌ಡಿ ಎಂದು ಬರೆದೆ, ಅಳಿಸಿ ಮತ್ತೆ ಬರೆದೆ. ಒತ್ತಿದೆ. ಪರದೆ ಬೆಳ್ಳಗಾಯಿತು. ಮೇಲುಗಡೆ ಸಣ್ಣದೊಂದು ಗಣಪತಿ ಮೂಡಿದ. ಅವನ ಕೆಳಗೆ ತಿಪ್ಪೇಸ್ವಾಮಿ, ತಂದೆ ಓಬಳೇಶಪ್ಪ, ತಾಯಿ ಗೌರಮ್ಮ, ಊರು, ಕೆಲಸ, ನಕ್ಷತ್ರ, ಎಲ್ಲವೂ ಅಚ್ಚುಕಟ್ಟಾಗಿ ಬಂದು ನಿಂತವು. ನಾನು "ಬಂತು, ಬಂತ್ರಿ ಮಾವ, ಅಪ್ಪ ಬಂದ" ಎಂದು ಕೂಗಿದ್ದು ಎದುರು ಮನೆಯವರಿಗೂ ಕೇಳಿಸಿ, ಯಾರು ಬಂದರೆಂದು ಅವರು ಹೊರಗೆ ಬಂದು ನೋಡಿದರಂತೆ. ಮಾವ ಓಬಳೇಶಪ್ಪ ಎಂಬುದನ್ನು ಎರಡು ಸಲ ಓದಿ ಸಮಾಧಾನದಿಂದ ತಲೆದೂಗಿದರು. ಭಾಗ್ಯ ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. "ಫೋಟೋನೇ ಇಲ್ವಲ್ರೀ" ಎಂದಳು.

"ಎರಡನೇ ಪುಟದಾಗೈತೆ ಕಣಕ್ಕ, ನೀಲಿ ಅಂಗೀದು" ಎಂದಿತು ಅಡುಗೆಮನೆ.

ಮಾವ ಬೆರಳಿನಿಂದ ಪುಟ ಸರಿಸಿದರು. ಎರಡನೇ ಪುಟದಲ್ಲಿ ತಿಪ್ಪೇಸ್ವಾಮಿ ನಗುತ್ತ ನಿಂತಿದ್ದ. ಅಂಗಿ ನೀಲಿಯೇ. ನಾನು ಪರಿಸ್ಥಿತಿ ಕೈಗೆ ತೆಗೆದುಕೊಂಡೆ. "ಅದು ಹೆಂಗಂದ್ರ ಮಾವ, ಈ ಬಯೋಡೇಟಾಗಳಾಗ ಸಾಮಾನ್ಯವಾಗಿ ಎಲ್ರೂ ನೀಲಿ ಅಂಗೀನೇ..." ಎಂದು ಶುರುಮಾಡಿದೆ. ಮಾವ ಕೈ ಎತ್ತಿದರು, ನಾನು ಕೂತೆ. "ನೇತ್ರಾ, ಬಾರಮ್ಮ ಇಲ್ಲಿ" ಎಂದು ಕರೆದರು. ಅವಳು ಸೌಟು ಹಿಡಿದುಕೊಂಡೇ ಬಂದಳು. ಮುಖ ಒಲೆಯ ಬಿಸಿಗೆ ಕೆಂಪಾಗಿತ್ತು, ಕಣ್ಣು ಬೇರೆ ಕಾರಣಕ್ಕೆ.

"ಈ ಹುಡುಗನ್ನ ನೋಡಿದ್ದೀಯಾ?"

"ನೋಡಿದ್ದೀನಪ್ಪ."

"ನಿಂಗೆ ಒಪ್ಗೆನಾ?"

ನೇತ್ರಾ ಸೌಟನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. "ಒಪ್ಗೆ ಅಪ್ಪ. ನಂಗೆ ತುಂಬಾ ಇಷ್ಟ. ನಿನ್ನತ್ರ ಹೇಳೋಕೆ ಭಯ ಆಯ್ತು. ನೀನು ಮಾತು ಬಿಟ್ರೆ ಈ ಮನೆಯಾಗೆ ನಂಗೆ ಇನ್ಯಾರವ್ರೆ?" ಎಂದಳು. ದನಿ ಕೊನೆಯಲ್ಲಿ ಒಡೆಯಿತು. ಭಾಗ್ಯ ತಂಗಿಯ ಪಕ್ಕ ಹೋಗಿ ನಿಂತಳು. ಮಾವ ಫೋಟೋವನ್ನು ಇನ್ನೊಂದು ಸಲ ನೋಡಿದರು. ಆಮೇಲೆ ಫೋನನ್ನು ನನಗೆ ಕೊಟ್ಟು, "ಹಿರಿಯೂರ್ನೋರಿಗೆ ಫೋನ್ ಹಚ್ಚಿ. ಬರ್ಬೇಡಿ ಅಂತ ನಾನೇ ಹೇಳ್ತೀನಿ. ಹೊರಟಿದ್ರೆ ಪಾಪ, ದಾರಿ ಖರ್ಚು ದಂಡ" ಎಂದರು. ಮಗಳ ಕಡೆ ತಿರುಗಿ, "ನನ್ನತ್ರ ಬಾಯಿ ಬಿಟ್ಟು ಹೇಳಿದ್ರೆ ನಾನು ಬ್ಯಾಡ ಅಂತಿದ್ನೇನಮ್ಮ? ಹೋಗು, ಒಲೆ ನೋಡು, ಬೀಜ ಎಲ್ಲಾ ಕರಕಲಾಗೈತೆ" ಎಂದರು. ನೇತ್ರಾ ಹೋಗಲಿಲ್ಲ. ಅಪ್ಪನ ಕಾಲ ಬಳಿ ಕೂತು ಜೋರಾಗಿ ಅತ್ತಳು, ನಡುನಡುವೆ ನಕ್ಕಳು. ಭಾಗ್ಯಳೇ ಓಡಿಹೋಗಿ ಒಲೆ ಆರಿಸಿದಳು.

ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಏನೇ ಆಗಲಿ, ಫೈಲು ತೆರೆದವನು ನಾನು. ಸೀದ ಬೀಜವನ್ನೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಬಂದು ಮಾವನ ಎದುರು ಕೂತು, ಒಂದು ಮೆಚ್ಚುಗೆಯ ಮಾತು ಬರಬಹುದೆಂದು ಕಾದೆ. ಬರಲಿಲ್ಲ. ನಾನೇ ದಾರಿ ಮಾಡಿಕೊಟ್ಟೆ. "ನೋಡಿದ್ರಾ ಮಾವ, ಹೆಸರಿನ ಕೊನೀ ಮೂರು ಅಕ್ಷರ ತಪ್ಪಿದ್ದಕ್ಕ ಒಳಗ ಏನೈತಿ ಅಂತನಾ ಗೊತ್ತಾಗಲಿಲ್ಲ. ಇನ್ನೊಂದಿಷ್ಟಾಗಿದ್ರ ಇಂಥ ಚಲೋ ಹುಡುಗ ಕೈತಪ್ತಿದ್ದ" ಎಂದೆ.

ಮಾವ ನನ್ನನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿದರು. ಒಗ್ಗಿಹೋದ ನಷ್ಟವೊಂದನ್ನು ನೆನೆಯುವವರ ಹಾಗೆ ಮೆಲ್ಲಗೆ ನಕ್ಕರು.

"ನಿಮ್ಮ ವಿಚಾರದಾಗೆ ಉಲ್ಟಾ ಆಯ್ತು ಅಳಿಯಂದ್ರೆ. ಬಿನ್ ಯಾರು ಅಂತ ಕೇಳ್ದೆ, ಒಳ್ಳೆ ಮನೆತನದ ಹೆಸ್ರು ಹೇಳಿದ್ರು, ಹೆಣ್ಣು ಕೊಟ್ಬುಟ್ಟೆ. ತೆಗ್ದು ನೋಡ್ಲೇ ಇಲ್ಲ."